ನಾಮಪತ್ರ ವಾಪಸ್ ತೆಗೆದುಕೊಂಡವಳು

ಆ ಕಾಗದಕ್ಕೆ ಸಹಿ ಹಾಕಿದವಳು ನಾನೇ, ಗೋವಿಂದಪ್ಪನವರೇ. ಯಾರೂ ಮೋಸದಿಂದ ಹಾಕಿಸಿಕೊಳ್ಳಲಿಲ್ಲ, ಯಾರೂ ಹೆದರಿಸಲಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ, ಅರ್ಥ ಮಾಡಿಕೊಂಡು, ಚುನಾವಣಾ ಕಚೇರಿಯ ಮೇಜಿನ ಮೇಲೆ ನಾನೇ ಇಟ್ಟು ಬಂದೆ. ನೀವಲ್ಲ. ಇಷ್ಟು ಹೇಳುವುದಕ್ಕೆ ನನಗೆ ಎಂಟು ವರ್ಷ ಹಿಡಿಯಿತು.

ನಾಮಪತ್ರ ವಾಪಸ್ ತೆಗೆದುಕೊಂಡದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ನನ್ನನ್ನು ತಪ್ಪು ತಿಳಿಯುವುದು ಬೇಡ. ನನ್ನ ತಪ್ಪು ಬೇರೆ ಇದೆ.

ನಮ್ಮ ಯಜಮಾನರನ್ನು ಜರಗನಹಳ್ಳಿಯಲ್ಲಿ ಗೊತ್ತಿಲ್ಲದವರಿಲ್ಲ. ಕನಕಪುರ ರಸ್ತೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಮೋಟಾರ್ ಶಂಕ್ರಣ್ಣ ಎಂದರೆ ಬಸ್ಸಿನ ಕಂಡಕ್ಟರೂ ದಾರಿ ತೋರಿಸುತ್ತಿದ್ದ. ಬೋರ್‌ವೆಲ್ ಕೆಟ್ಟರೆ ಊಟದ ತಟ್ಟೆ ಬಿಟ್ಟು ಎದ್ದು ಹೋಗುವ ಮನುಷ್ಯ. ಅವರು ಕೆಟ್ಟವರಲ್ಲ — ಇದನ್ನು ನಾನು ಹೇಳದೆ ಇನ್ನಾರು ಹೇಳಬೇಕು? ಆದರೆ ಚುನಾವಣೆ ಬಂತೆಂದರೆ ಅವರನ್ನು ಹಿಡಿಯುವವರಿರಲಿಲ್ಲ. ಆ ಹೊತ್ತಿಗೆ ಮೂರು ಸಲ ಪಕ್ಷೇತರರಾಗಿ ನಿಂತಿದ್ದರು. ಒಮ್ಮೆ ಟೇಬಲ್ ಫ್ಯಾನ್ ಗುರುತು, ಒಮ್ಮೆ ಬಕೆಟ್, ಒಮ್ಮೆ ಹೊಲಿಗೆ ಯಂತ್ರ. ಮೂರು ಸಲವೂ ಠೇವಣಿ ಹೋಯಿತು. ಮೂರು ಸಲವೂ ಸೂಚಕರ ಜಾಗದಲ್ಲಿ ಸಹಿ ಮಾಡಿ, ನಿಮ್ಮ ಸೈಕಲ್ ಶಾಪಿಗೆ ಬಾಗಿಲು ಹಾಕಿ, ಆಟೋದಲ್ಲಿ ಮೈಕ್ ಹಿಡಿದು ಕೂತವರು ನೀವು. ಸೋತ ಮೇಲೆ ಅವರ ಪಕ್ಕದಲ್ಲಿ ಉಳಿಯುತ್ತಿದ್ದವರೂ ನೀವೊಬ್ಬರೇ.

ನಾಲ್ಕನೆಯ ಸಲ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಸುದ್ದಿ ಬಂದ ದಿನ ಇವರು ಸರಿಯಾಗಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ನೀನು ನಿಂತ್ಕೋ" ಎಂದರು. ಕೇಳಲಿಲ್ಲ, ಹೇಳಿದರು.

ನಿಜ ಹೇಳುತ್ತೇನೆ — ನನಗೆ ಖುಷಿಯಾಯಿತು. ನಾನು ಪಿಯುಸಿ ಓದಿದವಳು. ಒಂದು ನೋಟ್‌ಬುಕ್ ತೆಗೆದುಕೊಂಡು ಯಾವ ಬೀದಿಗೆ ಯಾವ ದಿನ ನೀರು ಬರುತ್ತದೆ, ಎಲ್ಲಿ ಮೋರಿ ಕಟ್ಟಿಕೊಂಡಿದೆ, ಯಾವ ಕಂಬದ ದೀಪ ಹತ್ತುವುದಿಲ್ಲ ಎಂದು ಬರೆದಿಟ್ಟೆ. ಹದಿನೈದು ವರ್ಷ ಅದೇ ಬೀದಿಯಲ್ಲಿ ಕೊಡ ಹಿಡಿದು ನಿಂತವಳಿಗೆ ಯಾರನ್ನೂ ಕೇಳುವ ಅಗತ್ಯವಿರಲಿಲ್ಲ. ಇವರು ಎರಡು ಪುಟ ತಿರುಗಿಸಿ ನೋಡಿ, "ಇದೆಲ್ಲಾ ನಂಗೆ ಬಿಡು" ಎಂದು ಪಕ್ಕಕ್ಕಿಟ್ಟರು.

ಮೊದಲ ಕರಪತ್ರ ಅಚ್ಚಾಗಿ ಬಂತು. ಮಧ್ಯದಲ್ಲಿ ಕೈಮುಗಿದ ಇವರ ಫೋಟೊ. ಮೂಲೆಯಲ್ಲಿ ಅಂಚೆಚೀಟಿಯಷ್ಟು ನಾನು — ನನ್ನ ತಮ್ಮನ ಮದುವೆಯ ಫೋಟೊದಿಂದ ಕತ್ತರಿಸಿದ್ದು, ಪಕ್ಕದಲ್ಲಿ ಇನ್ಯಾರದೋ ಭುಜ ಹಾಗೇ ಉಳಿದುಕೊಂಡಿತ್ತು. ನೀವೂ ಅದನ್ನು ನೋಡಿ ನಕ್ಕಿರಿ, ನಾನೂ ನಕ್ಕೆ. ನಾಮಪತ್ರದ ದಿನ ಕಾಗದದ ಕಟ್ಟು ನನ್ನ ಮುಂದೆ ಬಂತು. ಇವರು ಬೆರಳಿಟ್ಟು ತೋರಿಸಿದರು: "ಇಲ್ಲೊಂದು. ಇಲ್ಲೊಂದು. ಇಲ್ಲಿ." ಓದಲು ಹೋದರೆ ಹಾಳೆ ತಿರುಗಿಹೋಗುತ್ತಿತ್ತು. ನೀವು ಎದುರಿಗೆ ಕೂತು ಹಾಳೆ ಹಿಡಿದುಕೊಂಡಿದ್ದಿರಿ.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆನೋ ಏನೋ.

ಒಂದು ಬೆಳಿಗ್ಗೆ ಮನೆಮನೆಗೆ ಹೋಗುತ್ತಿದ್ದೆವು. ನಲ್ಲಿಯ ಹತ್ತಿರ ಒಬ್ಬ ಹೆಂಗಸು ಕೊಡ ತುಂಬಿಸುತ್ತಿದ್ದಳು. ನನ್ನನ್ನೇ ನೋಡಿ ಕೇಳಿದಳು: "ಗೆದ್ಮೇಲೆ ಕರೆದ್ರೆ ನೀವೇ ಬರ್ತೀರಾ ಅಕ್ಕ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ನಕ್ಕರು. "ಅವಳಿಗೇನಮ್ಮ ಗೊತ್ತಾಗತ್ತೆ? ನಾನಿರ್ತೀನಲ್ಲ. ಅವಳು ಸಹಿ ಹಾಕ್ತಾಳೆ ಅಷ್ಟೇ."

ಆ ಹೆಂಗಸು ನಗಲಿಲ್ಲ. ನನ್ನನ್ನು ಒಮ್ಮೆ ನೋಡಿದಳು, ಕೊಡ ಎತ್ತಿಕೊಂಡಳು, ಹೋದಳು. ಆ ನೋಟವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಅವಳು ಕೇಳಿದ್ದು ನನ್ನನ್ನು. ಉತ್ತರ ನನ್ನ ಹತ್ತಿರವಿತ್ತು. ಆ ಸಲ ನಾನು ಗೆಲ್ಲುತ್ತೇನೆ ಎಂದು ಬೀದಿಯ ಹೆಂಗಸರೆಲ್ಲ ಹೇಳುತ್ತಿದ್ದರು — ಅದಕ್ಕೇ ನನಗೆ ಭಯವಾದದ್ದು. ಸೋಲುವ ಹಾಗಿದ್ದರೆ ಸುಮ್ಮನೆ ನಿಂತಿರುತ್ತಿದ್ದೆ. ಗೆದ್ದರೆ ಐದು ವರ್ಷ ಬೆರಳು ತೋರಿಸಿದ ಕಡೆ ಸಹಿ ಹಾಕಬೇಕು, ಅವಳಂಥವರಿಗೆ ನನ್ನ ಮುಖ ತೋರಿಸಬೇಕು. ಆಗುವುದಿಲ್ಲ ಎಂದು ಅಲ್ಲೇ, ಆ ನಲ್ಲಿಯ ಮುಂದೆಯೇ ನಿರ್ಧರಿಸಿದೆ.

ವಾಪಸ್ ತೆಗೆದುಕೊಳ್ಳಲು ಕೊನೆಯ ದಿನ ಶುಕ್ರವಾರವಾಗಿತ್ತು. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿ ಬರುತ್ತೇನೆ ಎಂದು ಚೀಲದಲ್ಲಿ ಹಣ್ಣು ಹಾಕಿಕೊಂಡು ಹೊರಟೆ. ಗೆಲುವಿಗೆ ಹರಕೆ ಎಂದುಕೊಂಡು ಇವರೇ ಬಸ್ ಹತ್ತಿಸಿದರು. ನಾನು ಗುಡಿಗೆ ಹೋಗಲಿಲ್ಲ. ನೇರವಾಗಿ ಚುನಾವಣಾ ಕಚೇರಿಗೆ ಹೋದೆ.

ಅಲ್ಲಿದ್ದ ಗುಮಾಸ್ತರು ನನ್ನ ಹಿಂದೆ ಮುಂದೆ ನೋಡಿದರು. "ಯಜಮಾನ್ರು ಬರಲಿಲ್ವಾ ಮೇಡಂ?"

"ಅಭ್ಯರ್ಥಿ ಯಾರು ಸಾರ್, ಅವರಾ ನಾನಾ?"

ಅವರು ನಮೂನೆ ತೆಗೆದು ಕೊಟ್ಟರು. ನಾನು ಕೂತು ಓದಿದೆ. ಸಹಿ ಹಾಕಿದೆ. ಆ ಚುನಾವಣೆಯಲ್ಲಿ ನಾನು ಅಭ್ಯರ್ಥಿಯಾಗಿದ್ದದ್ದು ಆ ಹತ್ತು ನಿಮಿಷ ಮಾತ್ರ. ಅದನ್ನು ನನ್ನಿಂದ ಯಾರೂ ಕಿತ್ತುಕೊಳ್ಳಲಾರರು.

ಇಲ್ಲಿಯವರೆಗೂ ತಲೆ ಎತ್ತಿ ಹೇಳುತ್ತೇನೆ. ಇನ್ನು ಮುಂದಿನದು —

ಸಂಜೆ ನೋಟಿಸ್ ಬೋರ್ಡಿನಲ್ಲಿ ನನ್ನ ಹೆಸರಿಲ್ಲ ಎಂದು ಯಾರೋ ಓಡಿ ಬಂದು ಹೇಳಿದರು. ಮಧ್ಯಾಹ್ನ ನೀವು ಪ್ರಚಾರದ ಆಟೋಗೆ ಪರ್ಮಿಷನ್ ಕೇಳಲು ಅದೇ ಕಚೇರಿಗೆ ಹೋಗಿದ್ದಿರಿ. ನಿಮ್ಮನ್ನು ಅಲ್ಲಿ ಕಂಡವರಿದ್ದರು. ಅಭ್ಯರ್ಥಿ ಬರೆದುಕೊಟ್ಟರೆ ಸೂಚಕರೂ ಆ ಕಾಗದವನ್ನು ತಲುಪಿಸಬಹುದು ಎಂಬುದು ಇವರಿಗೆ ಗೊತ್ತಿತ್ತು. ಅಷ್ಟು ಸಾಕಾಯಿತು. ಕೆಂಪೇರಿದ ಕಣ್ಣಿನಲ್ಲಿ ನನ್ನ ಮುಂದೆ ನಿಂತರು. "ಗೋವಿಂದ ವಾಪಸ್ ಕಾಗದಾನೂ ಆ ಕಟ್ಟಲ್ಲಿ ಸೇರಿಸಿಬಿಟ್ಟಿದಾನೆ. ನೀನು ಅದಕ್ಕೂ ಸಹಿ ಹಾಕಿದ್ಯಾ?"

ನಾನು ಹೇಳಿದೆ: "ನೀವು ತೋರಿಸಿದ ಕಡೆಯೆಲ್ಲಾ ಹಾಕಿದೀನಿ. ನಾನೇನು ಓದಿ ಹಾಕ್ತೀನಾ?"

ಗೋವಿಂದಪ್ಪನವರೇ, ನಿಮ್ಮನ್ನು ಮುಗಿಸಿದ್ದು ಈ ಮಾತು. ನನಗೇನೂ ಗೊತ್ತಾಗುವುದಿಲ್ಲ ಎಂದು ಅವರು ಅಂದದ್ದಕ್ಕೆ ಸಿಟ್ಟಾಗಿ ಅಷ್ಟೆಲ್ಲ ಮಾಡಿದವಳು, ಸಮಯ ಬಂದಾಗ ಅದೇ ಮಾತಿನ ಹಿಂದೆ ಅವಿತುಕೊಂಡೆ. ಹೆದರಿದ್ದೆ ಎಂದು ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಅವರ ಬಾಯಲ್ಲಿ ನಿಮ್ಮ ಹೆಸರು ಬಂದಾಗ ನನಗೆ ಹಗುರವಾಯಿತು. ಗುಡಿಯಲ್ಲಿ ಹಚ್ಚದೆ ಉಳಿದ ನಿಂಬೆಹಣ್ಣು ಹಿಂಡಿ ಅವರಿಗೆ ಪಾನಕ ಮಾಡಿಕೊಟ್ಟೆ, ಅವರು ಕುಡಿದರು. ಕಾಗದ ತಂದುಕೊಟ್ಟವರು ಯಾರು ಎಂದು ಕಚೇರಿಯಲ್ಲಿ ಕೇಳಿದ್ದರೆ ಒಂದೇ ನಿಮಿಷದ ಕೆಲಸವಾಗಿತ್ತು. ಅವರು ಕೇಳಲೇ ಇಲ್ಲ. ಹೆಂಡತಿಯೇ ಹೋಗಿರಬಹುದು ಎಂಬುದು ಅವರ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ನೀವು ಗೇಟಿನ ಹತ್ತಿರ ಬಂದಿರಿ. ಇವರು ಬೀದಿಯಲ್ಲೇ ನಿಮ್ಮ ಅಂಗಿ ಹಿಡಿದರು. ನೀವು ಅವರನ್ನು ತಳ್ಳಲೂ ಇಲ್ಲ, ನನ್ನ ಕಡೆ ತಿರುಗಿ, "ಅತ್ತಿಗೆ, ನೀವಾದ್ರೂ ಹೇಳಿ" ಎಂದಿರಿ.

ನಾನು ಒಳಗೆ ಹೋದೆ.

ಆ ವಾರ ಇವರು ಕರಪತ್ರ ಹೊಡೆಸಿದರು. ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ "ದುಡ್ಡಿಗೆ ಗೆಳೆತನ ಮಾರಿದವನು" ಎಂದು. ಪೇಪರಿನ ಮಡಿಕೆಯೊಳಗಿಟ್ಟು ನಾಲ್ಕು ಬೀದಿಯ ಎಲ್ಲ ಮನೆಗೆ ಹಾಕಿಸಿದರು. ಜನ ನಿಮ್ಮ ಅಂಗಡಿಗೆ ಸೈಕಲ್ ತರುವುದನ್ನು ಬಿಟ್ಟರು. ವರ್ಷ ತುಂಬುವುದರೊಳಗೆ ನೀವು ಅಂಗಡಿ ಮುಚ್ಚಿ ಉತ್ತರಹಳ್ಳಿಗೆ ಹೋದಿರಿ. ಇವರು ಆಮೇಲೂ ಎರಡು ಸಲ ವಿಧಾನಸಭೆಗೆ ನಿಂತರು, ಎರಡು ಸಲವೂ ಮೈಕಿನಲ್ಲಿ ನಿಮ್ಮ ದ್ರೋಹದ ಕಥೆ ಹೇಳಿದರು. ನಾನು ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದೆ. ಪಾಪ, ಎಷ್ಟು ನೊಂದಿದ್ದಾರೆ ಎಂದು ಜನ ನನಗಾಗಿ ಮರುಗಿದರು. ಅದನ್ನೂ ತೆಗೆದುಕೊಂಡೆ.

ಈಗ ಮತ್ತೆ ಕಾರ್ಪೊರೇಷನ್ ಚುನಾವಣೆ ಎಂಬ ಸುದ್ದಿ ಇದೆ. ಹೋದ ವಾರ ಇವರು, "ಲೇಡೀಸ್‌ಗೇ ಬಂದ್ರೆ ನೀನೇ ನಿಂತ್ಕೋ, ಈ ಸಲ ಗೋವಿಂದನಂಥವ್ರು ಯಾರೂ ಇಲ್ಲ" ಎಂದರು. ನಾನು ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ನಿಂಬೆಹಣ್ಣನ್ನೂ ಬಿಡಲಿಲ್ಲ.

ಅವರು ಕೂಗಾಡಲಿಲ್ಲ. ಮುಖ ಬಿಳಿಚಿಕೊಂಡಿತ್ತು, ನನಗೆ ಅವರನ್ನು ನೋಡಿ ಸಂಕಟವಾಯಿತು. ಕೊನೆಗೆ ಅಂದರು: "ಗೋವಿಂದಂಗೆ ಹೇಳ್ಬೇಡ. ಬೀದೀಲಿ ಯಾರ್ಗೂ ಹೇಳ್ಬೇಡ."

ಅದಕ್ಕೇ ಬರೆಯುತ್ತಿದ್ದೇನೆ. ಅದೇ ಪ್ರೆಸ್ಸಿಗೆ ಕೊಡುತ್ತೇನೆ, ಕರಪತ್ರಕ್ಕೆ ಉದ್ದವಾಯಿತು ಎಂದರೆ ಎರಡೂ ಬದಿ ಅಚ್ಚು ಹಾಕಲಿ. ಅವತ್ತು ಯಾವ ಮನೆಗಳಿಗೆ ನಿಮ್ಮ ಹೆಸರು ಹೋಯಿತೋ ಅವೇ ಮನೆಗಳಿಗೆ, ಪೇಪರಿನ ಅದೇ ಮಡಿಕೆಯೊಳಗೆ ಇದೂ ಹೋಗುತ್ತದೆ. ಓದಿದವರು ನನ್ನನ್ನು ಏನಾದರೂ ಅನ್ನಲಿ, ನಾನು ಅದೇ ಬೀದಿಯಲ್ಲಿ ನಡೆದು ಹಾಲು ತರುತ್ತೇನೆ. ಉತ್ತರಹಳ್ಳಿಗೆ ಒಂದು ಪ್ರತಿಯನ್ನು ನಾನೇ ತರುತ್ತೇನೆ. ನೀವು ಬಾಗಿಲು ತೆಗೆಯಬೇಕಿಲ್ಲ, ಅತ್ತಿಗೆ ಎನ್ನಬೇಕಿಲ್ಲ. ಗೇಟಿಗೆ ಸಿಕ್ಕಿಸಿ ಬರುತ್ತೇನೆ. ನಿಮ್ಮ ಎಂಟು ವರ್ಷ ನನ್ನ ಕೈಯಲ್ಲಿಲ್ಲ, ತಂದುಕೊಡಲು.

ಇದರಲ್ಲಿ ಫೋಟೊ ಇರುವುದಿಲ್ಲ. ಇವರ ಹೆಸರಿನ ಪಕ್ಕದಲ್ಲಿ ನನ್ನ ಹೆಸರೂ ಇರುವುದಿಲ್ಲ, ನನ್ನದೊಂದೇ ಇರುತ್ತದೆ. ಓದಿಯೇ ಸಹಿ ಹಾಕಿದ್ದೇನೆ.

ಕಮಲಮ್ಮ
ಜರಗನಹಳ್ಳಿ