ಮೂರು ವಸಂತದ ಸೊನ್ನೆ

ನನ್ನ ಸೋದರಮಾವ ಮೂವತ್ತೊಂದು ವಸಂತ ದ್ವೀಪದ ಪಕ್ಷಿ ವೀಕ್ಷಣಾ ಕೇಂದ್ರದಲ್ಲಿ ಹಕ್ಕಿ ಎಣಿಸಿದರು. ಹಕ್ಕಿ ಎಣಿಸುವುದೂ ಒಂದು ಕೆಲಸವೇ ಎಂದು ಕೇಳುವವರಿಗೆ ಅವರ ಬಳಿ ಇದ್ದದ್ದು ಕೋಪ ಮಾತ್ರ. ಅದು ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು. ಕೇಂದ್ರದ ಅಡುಗೆಮನೆ ಅತ್ತೆಯದು. ಕಾಲೇಜಿಗೆ ರಜೆ ಸಿಕ್ಕಿದ ಕೂಡಲೇ ನಾನು ದೋಣಿ ಹತ್ತಿ ಅವರಿಬ್ಬರ ಬಳಿ ಓಡುತ್ತಿದ್ದೆ.

ಬೆಳಗಿನ ಐದಕ್ಕೆ ಕೆಲಸ ಶುರು. ಪೊದೆಗಳ ನಡುವೆ ಕಟ್ಟಿದ ತೆಳುಬಲೆಗಳಿಂದ ಹಕ್ಕಿಗಳನ್ನು ಬಿಡಿಸಿ, ಒಂದೊಂದನ್ನೂ ಒಂದೊಂದು ಬಟ್ಟೆಚೀಲಕ್ಕೆ ಹಾಕಿ, ಉಂಗುರ ತೊಡಿಸುವ ಕೋಣೆಯ ಗೂಟಗಳಿಗೆ ನೇತುಹಾಕುತ್ತಿದ್ದೆವು. ಗೋಡೆಯುದ್ದಕ್ಕೂ ಚೀಲಗಳು ಮಿಸುಕಾಡುತ್ತಿದ್ದವು. ಮಾವ ಒಂದೊಂದೇ ಹಕ್ಕಿಯನ್ನು ಹೊರತೆಗೆದು, ಎರಡು ಬೆರಳ ನಡುವೆ ಕತ್ತು ಬರುವಂತೆ ಹಿಡಿದು, ಮುಂದೆ ಗುರುತು ಸಿಗಲೆಂದು ಕಾಲಿಗೆ ಅಂಕಿಯ ಉಂಗುರ ತೊಡಿಸಿ, ರೆಕ್ಕೆ ಅಳೆದು, ಸಣ್ಣ ಡಬ್ಬಿಯಲ್ಲಿ ತಲೆಕೆಳಗಾಗಿ ಇಟ್ಟು ತೂಗಿ, ಕಿಟಕಿಯಿಂದ ಹಾರಿಬಿಡುತ್ತಿದ್ದರು. ಮನುಷ್ಯರ ಮೇಲೆಲ್ಲ ಸಿಡುಕುವ ಅದೇ ಮನುಷ್ಯ ಹಕ್ಕಿಯ ಹತ್ತಿರ ಮಾತ್ರ "ಆಯ್ತಮ್ಮ, ಆಯ್ತು, ಮುಗೀತು" ಎಂದು ರಮಿಸುತ್ತಿದ್ದರು.

ಸಂಜೆ ಊಟದ ಕೋಣೆಯಲ್ಲಿ ಹಾಜರಿ. ಒಬ್ಬರು ದಿನಚರಿ ಪುಸ್ತಕ ಹಿಡಿದು ಹಕ್ಕಿಗಳ ಹೆಸರು ಕೂಗಬೇಕು, ಆಯಾ ದಿಕ್ಕು ಸುತ್ತಿಬಂದವರು ತಮ್ಮ ಸಂಖ್ಯೆ ಹೇಳಬೇಕು. ಪಶ್ಚಿಮದ ಕಣಿವೆ ಮಾವನದು. ಬೇರೆಯವರು ಕಾಲಿಟ್ಟರೆ ಹಕ್ಕಿಗಳು ಬೆದರುತ್ತವೆ ಎಂದು ಅವರ ವಾದ. ತಾವು ಆನೆಯ ಹಾಗೆ ನಡೆದರೂ ಬೆದರುವುದಿಲ್ಲವಂತೆ! ಪುಸ್ತಕದಲ್ಲಿ ಏನನ್ನೂ ಅಳಿಸುವಂತಿರಲಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನೂ ಕಾರಣವನ್ನೂ ಬರೆದು ಸಹಿ ಹಾಕಬೇಕು. ಈ ನಿಯಮ ಮಾಡಿದವರೂ ಮಾವನೇ.

ಆ ಕಣಿವೆಯ ಎತ್ತರದ ಮರಗಳಿಗೆ ಪ್ರತಿ ವಸಂತ ಹಳದಿನೆತ್ತಿ ಬರುತ್ತಿತ್ತು. ಹೆಬ್ಬೆರಳಿನಷ್ಟು ಹಕ್ಕಿ. ಬಲೆಗೆ ಇಳಿಯದು, ಎಲೆಗಳ ನಡುವೆ ಸುಲಭಕ್ಕೆ ಕಾಣದು. ಸೂಜಿಯಷ್ಟು ಸಣ್ಣ ದನಿ ಕೇಳಿಯೇ ಎಣಿಸಬೇಕು. ಮೂರು ವಸಂತದಿಂದ ಅದರ ಹೆಸರು ಕೂಗಿದಾಗೆಲ್ಲ ಮಾವ "ಸೊನ್ನೆ" ಅನ್ನುತ್ತಿದ್ದರು. ಹಾಗಂದ ದಿನ ಅವರಿಗೆ ಊಟ ಸೇರುತ್ತಿರಲಿಲ್ಲ. ಹಳದಿನೆತ್ತಿ ದ್ವೀಪ ಬಿಟ್ಟುಹೋಗಿದೆ ಎಂದು ಮುಖ್ಯ ಕಚೇರಿಗೆ ವರದಿಯನ್ನೂ ಕಳಿಸಿದ್ದರು. ಅದು ಇನ್ನೇನು ಅಚ್ಚಾಗುವುದರಲ್ಲಿತ್ತು.

ನಾಲ್ಕನೆಯ ವಸಂತದಲ್ಲಿ ಮಾವನ ಕಾಲು ಉಳುಕಿತು.

"ಒಬ್ರೇ ಹೋಗಿ ಬಿದ್ರೆ ಎತ್ಕೊಂಡು ಬರೋರು ಯಾರು? ಇವಳನ್ನ ಕರ್ಕೊಂಡು ಹೋಗಿ," ಅಂದರು ಅತ್ತೆ. ಮಾವ ಬೇಡವೆಂದರು. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರ ಹತ್ರ ಮಾತಾಡೋದೇ ದಂಡ," ಎಂದು ಅತ್ತೆ ನನ್ನ ಕೈಗೆ ಚಹಾದ ಫ್ಲಾಸ್ಕ್ ಕೊಟ್ಟು ಅವರ ಹಿಂದೆಯೇ ಅಟ್ಟಿದರು.

ಹಿಂದಿನ ರಾತ್ರಿಯೆಲ್ಲ ದಕ್ಷಿಣದ ಗಾಳಿ ಬೀಸಿತ್ತು. ಕಡಲು ದಾಟಿ ದಣಿದ ಹಕ್ಕಿಗಳು ಹುಲ್ಲಿನ ಮೇಲೆಲ್ಲ ಕುಳಿತಿದ್ದವು. ಕಣಿವೆಯ ಮೊದಲ ಮರದ ಕೆಳಗೇ ನನಗೆ ಆ ದನಿ ಕೇಳಿಸಿತು. ಅದನ್ನು ನನಗೆ ಚಿಕ್ಕಂದಿನಲ್ಲಿ ಗುರುತು ಹಿಡಿಯಲು ಕಲಿಸಿದವರೇ ಮಾವ.

"ಮಾವ, ಹಳದಿನೆತ್ತಿ!"

"ಎಲ್ಲಿ?"

"ಇಲ್ಲೇ, ತಲೆ ಮೇಲೆ. ಹಾಡ್ತಾನೇ ಇದೆಯಲ್ಲ."

"ತಮಾಷೆ ಮಾಡ್ಬೇಡ."

ನಾನು ದುರ್ಬೀನು ಅವರ ಕೈಗಿಟ್ಟು ಕೊಂಬೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. ಹಕ್ಕಿಯ ಕೊಕ್ಕು ತೆರೆದಿತ್ತು, ಗಂಟಲು ಮಿಡಿಯುತ್ತಿತ್ತು. ಮಾವನ ಮುಖ ಬಿಳಿಚಿಕೊಂಡಿತು.

"ಈಗ್ಲೂ ಹಾಡ್ತಿದೆಯಾ?"

"ಹೂಂ."

"ಈಗ?"

"ಹೂಂ, ಮಾವ."

ಅವರು ಪಕ್ಕದ ಕಲ್ಲಿನ ಮೇಲೆ ಕುಸಿದರು. ನನ್ನ ಮಾತು, ಗಾಳಿ, ಕಡಲಹಕ್ಕಿಗಳ ಜಗಳ ಎಲ್ಲವೂ ಅವರಿಗೆ ಕೇಳಿಸುತ್ತಿತ್ತು. ತೀರ ಸಣ್ಣ, ತೀರ ಮೇಲಿನ ಸ್ಥಾಯಿಯ ದನಿ ಮಾತ್ರ ಹೊರಟುಹೋಗಿತ್ತು. ವಯಸ್ಸಾದ ಕಿವಿ ಮೊದಲು ಬಿಟ್ಟುಕೊಡುವುದು ಅದನ್ನೇ ಎಂದು ಆಮೇಲೆ ಡಾಕ್ಟರು ಹೇಳಿದರು.

ನನಗೆ ಹೆದರಿಕೆಯಾಯಿತು. ಕಿವಿ ಮಂದವಾದ ಎಣಿಕೆಗಾರನನ್ನು ಯಾರು ಇಟ್ಟುಕೊಳ್ಳುತ್ತಾರೆ? "ಈ ವರ್ಷ ವಾಪಸ್ ಬಂತು ಅಂತ ಬರೆದುಬಿಡಿ. ಯಾರಿಗೆ ಗೊತ್ತಾಗತ್ತೆ?" ಅಂದೆ.

"ಹೋಗದೇ ಇದ್ದದ್ದು ವಾಪಸ್ ಹೇಗೆ ಬರತ್ತೆ, ಪೆದ್ದಿ?"

ಆ ಬೈಗುಳದಲ್ಲಿ ಬಿಸಿಯೇ ಇರಲಿಲ್ಲ. ಅದಕ್ಕೇ ನನಗೆ ಅಳು ಬಂತು.

ಸಂಜೆ ಹಾಜರಿಯಲ್ಲಿ ಹಳದಿನೆತ್ತಿಯ ಹೆಸರು ಬಂದಾಗ ಮಾವ ಎದ್ದು ನಿಂತರು. "ಏಳು ಹಕ್ಕಿ. ಎಣಿಸಿದ್ದು ಇವಳು. ನನಗೆ ಒಂದೂ ಕೇಳಿಸ್ಲಿಲ್ಲ," ಅಂದರು. ಹಿಂದಿನ ಮೂರು ವರ್ಷದ ಪುಸ್ತಕ ತರಿಸಿ, ಪ್ರತಿ ಸೊನ್ನೆಯ ಮೇಲೂ ಗೆರೆ ಎಳೆದರು. ಸರಿಯಾದ ಸಂಖ್ಯೆ ಯಾರಿಗೂ ತಿಳಿಯದು, ಹಾಗಾಗಿ ಪಕ್ಕದಲ್ಲಿ "ಗೊತ್ತಿಲ್ಲ. ಎಣಿಸಿದವನ ಕಿವಿ ಮಂದ" ಎಂದು ಬರೆದು ಸಹಿ ಹಾಕಿದರು. ನೂರಕ್ಕೂ ಹೆಚ್ಚು ಸಹಿ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದರು. ವರದಿ ತಡೆಯಲು ಮರುದಿನವೇ ಕಚೇರಿಗೆ ಪತ್ರ ಹೋಯಿತು. ಅದೇ ಲಕೋಟೆಯಲ್ಲಿ ರಾಜೀನಾಮೆಯೂ ಇತ್ತು.

ಕಚೇರಿಯವರು ಎರಡನ್ನೂ ಒಪ್ಪಿದರು. ವಸಂತ ಮುಗಿಯಲು ಇನ್ನೂ ಮೂರು ವಾರ ಇತ್ತು, ಕಣಿವೆ ನನ್ನ ಪಾಲಿಗೆ ಬಂತು. ಮಾವ ದಿನವೂ ಕುಂಟುತ್ತಾ ನನ್ನ ಹಿಂದೆ ಬರುತ್ತಿದ್ದರು. "ಎಲ್ಲಿದೆ?" ಎಂದು ಕೇಳಿ, ನಾನು ಕೈ ತೋರಿಸಿದ ಕಡೆ ಮುಖ ಎತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಹಾಡು ನಿಂತದ್ದು ಅವರಿಗೆ ತಿಳಿಯುತ್ತಿರಲಿಲ್ಲ, ನಾನೇ ಮೊಣಕೈ ಮುಟ್ಟಿ ಹೇಳಬೇಕಿತ್ತು. ಎಷ್ಟೋ ಸಲ ಹಕ್ಕಿ ಹಾರಿಹೋದ ಮೇಲೂ ನಾನು ಮುಟ್ಟದೆ ಸುಮ್ಮನೆ ನಿಂತಿರುತ್ತಿದ್ದೆ.