ಪರೀಕ್ಷೆಗೆ ತೊಳೆದಿಟ್ಟ ವರತಿ

ನಾನು ಹುಟ್ಟಿದ್ದು ಕಂಪ್ಲಿ ಕಡೆ, ಕಾಲುವೆಯ ದಂಡೆಯಲ್ಲಿ. ಬತ್ತ, ಬಾಳೆ, ಕಬ್ಬು ಎಲ್ಲಕ್ಕೂ ಸಾಕಾಗಿ ಮಿಕ್ಕ ನೀರು ನಮ್ಮಲ್ಲಿ ರಸ್ತೆಯ ಮೇಲೆ ಹರಿಯುತ್ತಿತ್ತು. ಅಂಥವಳನ್ನು ಸಂಡೂರಿನ ಗುಡ್ಡದ ಬುಡದ ಹಳ್ಳಿಗೆ ಕೊಟ್ಟರು. ಹುಡುಗನಿಗೆ ಗಣಿಯಲ್ಲಿ ಕೆಲಸವಿದೆ ಎಂದಷ್ಟೇ ಅಪ್ಪ ನೋಡಿದ. ಕಾಲುವೆಗೆ ಗುಡ್ಡ ಹತ್ತಲು ಬರುವುದಿಲ್ಲ ಎಂಬುದು ಅವನ ತಲೆಗೇ ಹೋಗಲಿಲ್ಲ.

ಕೆಲವು ವರ್ಷಗಳಲ್ಲಿ ಆ ಗಣಿಯೂ ಮುಚ್ಚಿತು. ಗಂಡ ದೂರದ ಇನ್ನೊಂದು ಗಣಿಗೆ ಹೋದ. ಮುಚ್ಚಿದ ಗಣಿಯವರು ಮಣ್ಣಿನ ರಾಶಿಯನ್ನು ಬುಲ್ಡೋಜರ್‌ನಿಂದ ಸಮ ಮಾಡಿ, ಸಸಿ ನೆಟ್ಟು, ಹಳ್ಳಕ್ಕೆ ಅಡ್ಡಲಾಗಿ ಕಲ್ಲು ಪೇರಿಸಿ, ಗುಡ್ಡ ಮೊದಲಿನ ಹಾಗೆ ಆಯಿತು ಎಂದು ಬೋರ್ಡು ಹಾಕಿ ಹೋದರು. ಸಸಿಗಳನ್ನು ಮೇಕೆ ತಿಂದವು. ಮೊದಲ ಮಳೆಗೇ ರಾಶಿ ಕುಸಿದು ಹಳ್ಳ ಕೆಂಪಗೆ ಹರಿಯಿತು. ಬೇಸಿಗೆಯಲ್ಲಿ ಹಳ್ಳದ ಮರಳು ತೋಡಿ, ಒಸರುವ ನೀರನ್ನು ಬಟ್ಟಲಿನಿಂದ ಗೋರಿಕೊಳ್ಳುವ ಗುಂಡಿಗೆ ವರತಿ ಎನ್ನುತ್ತಿದ್ದೆವು. ಆ ವರತಿಯಲ್ಲೂ ಕೆಂಪು ಕೆಸರು ಬಂದು ಕೂತಿತು. ಸೋಸಿದರೂ ಕೊಡದ ತಳದಲ್ಲಿ ಬೆರಳಿಗೆ ಹತ್ತುವಷ್ಟು ಉಳಿಯುತ್ತಿತ್ತು.

ವರತಿಯ ಮುಂದೆ ಕಾಯುವ ಕೆಲಸ ನನ್ನ ಮಗಳದ್ದಾಗಿತ್ತು. ನಾನು ಕೂಲಿಗೆ ಹೋಗಬೇಕು, ಅತ್ತೆಗೆ ಮೊಣಕಾಲು ಮಡಚಲು ಬಾರದು. ನೀರು ಒಸರಿ ತಿಳಿಯಾಗಿ ಕೊಡ ತುಂಬುವ ಹೊತ್ತಿಗೆ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ಹೀಗೇ ಆದರೆ ಹೆಸರು ತೆಗೆದುಹಾಕುತ್ತೇನೆ ಎಂದು ಮೇಷ್ಟ್ರು ಮನೆಯವರೆಗೆ ಬಂದು ಹೇಳಿ ಹೋದರು.

ಹಳ್ಳದ ನೀರು ಹೇಗಿದೆ ಎಂದು ನೋಡಲು ಆಗಾಗ ಹೊಸಪೇಟೆಯಿಂದ ನೀರಿನ ಇಲಾಖೆಯವರು ಜೀಪಿನಲ್ಲಿ ಬಂದು ಬಾಟಲಿ ತುಂಬಿಕೊಂಡು ಹೋಗುತ್ತಿದ್ದರು. ಒಂದು ಬೇಸಿಗೆ ಪಂಚಾಯಿತಿಯ ಮೆಂಬರು ಬಂದು, ಈ ಸಲದ ಪರೀಕ್ಷೆಯಲ್ಲಿ ನೀರು ಕೆಟ್ಟಿದೆ ಎಂದು ಬಂದರೆ ಊರಿಗೆ ಪೈಪು, ಇಲ್ಲದಿದ್ದರೆ ಇಲ್ಲ ಎಂದು ಹೇಳಿದ. ನನಗೆ ಕುಣಿಯುವಷ್ಟು ಸಂತೋಷವಾಯಿತು. ನಮ್ಮ ನೀರು ಕೆಟ್ಟಿದೆ ಎನ್ನುವುದಕ್ಕೆ ಪರೀಕ್ಷೆ ಬೇರೆ ಬೇಕೆ? ಕಣ್ಣಿದ್ದರೆ ಸಾಕಿತ್ತು.

ಜೀಪಿನವರು ಬರುವ ಹಿಂದಿನ ದಿನ ಕೂಲಿ ಮುಗಿಸಿ ಬಂದಾಗ ಅತ್ತೆ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹಳ್ಳದಲ್ಲಿದ್ದಳು. ವರತಿಯ ಕೆಸರನ್ನೆಲ್ಲ ಬಳಿದು ಹೊರಗೆ ಹಾಕಿದ್ದರು. ಮೇಲಿನಿಂದ ಬಿಳಿ ಮರಳು ಹೊತ್ತು ತಂದು ತುಂಬಿದ್ದರು. ಅಂಚಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಇಟ್ಟು, ಕೆಸರು ತಳಕ್ಕಿಳಿಯಲೆಂದು ನೀರಿನಲ್ಲಿ ಪಟಿಕದ ಹರಳು ತಿರುವುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

“ಅತ್ತಿ, ಏನ್ ಮಾಡಕತ್ತೀರಿ? ಹಂಗಾ ಬಿಡ್ರಿ, ಅವ್ರು ಕೆಸರಾ ನೋಡ್ಲಿ!”

“ಬಂದೋರು ಏನಂದಾರು? ಕೆಸರು ಕುಡಿಯೋ ಮಂದಿ ಅನ್ನಸ್ಕೋಬೇಕೇನು?” ಎಂದಳು ಅತ್ತೆ. “ಚೊಕ್ಕ ಇಟ್ಕಂಡಿದ್ದು ನೋಡಿದ್ರ ಅವ್ರ ಮನಸು ಕರಗತೈತಿ. ಪೈಪು ತಾನಾ ಬರತೈತಿ. ನೀ ಸುಮ್ಕಿರು.”

ಹೆಂಗಸರೆಲ್ಲ ತಲೆಯಾಡಿಸಿದರು. ಕಾಲುವೆ ಕಡೆಯವಳಿಗೆ ಮಾನ ಮರ್ಯಾದೆ ಏನು ಗೊತ್ತು ಎಂದು ಒಬ್ಬಳು ಕುಟುಕಿದಳು.

ಮರುದಿನ ಬಂದ ಸಾಹೇಬನಿಗೆ ಇನ್ನೂ ಚಿಕ್ಕ ವಯಸ್ಸು, ಒಳ್ಳೆಯವನೇ. ಜನ ಕುಡಿಯುವ ನೀರನ್ನೇ ಕೊಡಿ ಎಂದು ಕೇಳಿದ. ಅತ್ತೆ ಬೆಳಗಿದ ಹಿತ್ತಾಳೆ ತಂಬಿಗೆಯಿಂದ ತಾನೇ ಗೋರಿ ಅವನ ಬಾಟಲಿಗೆ ಸುರಿದಳು. ಅವನು ಬಿಸಿಲಿಗೆ ಹಿಡಿದು ನೋಡಿದ. ನೀರು ತಿಳಿಯಾಗಿತ್ತು.

“ದಿನಾ ಇದೇ ನೀರೇನಮ್ಮಾ?”

“ಹೂನ್ರಿ ಸಾಹೇಬ್ರ, ನಮ್ಮ ಗಂಗಮ್ಮ ಭಾಳ ಛಲೋ.”

ನಾನು ತಡೆಯಲಾರದೆ ಮುಂದೆ ಬಂದೆ. “ಸುಳ್ಳ್ರಿ! ನಿನ್ನಿ ತೊಳದಾರ. ಮಳಿಗಾಲದಾಗ ಬಂದು ತುಂಬ್ಕೊಳ್ರಿ, ಗೊತ್ತಾಗತೈತಿ.”

“ಮಳೆಗಾಲದಲ್ಲಿ ಜೀಪು ಹಳ್ಳ ದಾಟಲ್ಲಮ್ಮಾ,” ಎಂದ. ಅತ್ತೆಯ ಮುಖ ನೋಡಿ, ಮನೆಯ ಜಗಳ ಎಂದುಕೊಂಡು ನಕ್ಕ. ಚಹಾ ಕುಡಿದು ಹೋದ.

ನೀರು ಕುಡಿಯಲು ಯೋಗ್ಯ ಎಂದು ವರದಿ ಬಂತು. ಪೈಪು ಬೇರೆ ಊರಿಗೆ ಹೋಯಿತು. ಮಳೆ ಬಿದ್ದ ಮೇಲೆ ಹಳ್ಳದ ಕೆಂಪು ನೀರನ್ನು ಡಬ್ಬಿಯಲ್ಲಿ ತುಂಬಿಕೊಂಡು, ಬಸ್ಸು ಹತ್ತಿ ಹೊಸಪೇಟೆಯ ಅವರ ಆಫೀಸಿಗೆ ಹೋದೆ. ನಾವೇ ತುಂಬಿದ್ದಲ್ಲದೆ ಬೇರೆ ನೀರು ನಡೆಯುವುದಿಲ್ಲ, ನೀನೇ ಮಣ್ಣು ಕಲಸಿದ್ದರೆ ಯಾರಿಗೆ ಗೊತ್ತು ಎಂದರು. ಅಷ್ಟನ್ನೂ ಅವರ ಮೆಟ್ಟಿಲ ಮೇಲೆ ಸುರುವಿ ಬಂದೆ. ಒರೆಸಿದವಳು ನನ್ನಂಥ ಇನ್ನೊಬ್ಬಳೇ ಇರಬೇಕು, ಅದೊಂದು ಬೇಜಾರಿದೆ.

ಅತ್ತೆಯೊಡನೆ ಬಹಳ ದಿನ ಮಾತು ಬಿಟ್ಟೆ. ಅವಳಿಗೆ ತಾನೇನು ತಪ್ಪು ಮಾಡಿದೆ ಎಂದು ಕೊನೆಗೂ ತಿಳಿಯಲಿಲ್ಲ. ಅಷ್ಟು ಮರ್ಯಾದೆ ಮಾಡಿದರೂ ಕೊಡಲಿಲ್ಲವಲ್ಲ ಎಂದು ಕಂಡವರ ಮುಂದೆಲ್ಲ ಕೊರಗುತ್ತಿದ್ದಳು.

ಮಗಳ ಹೆಸರನ್ನು ಶಾಲೆಯಲ್ಲಿ ತೆಗೆದುಹಾಕಿದರು. ಅವಳನ್ನು ಕಂಪ್ಲಿಗೆ, ನನ್ನ ತವರಿಗೆ ಕಳಿಸುವುದೆಂದು ನಿಶ್ಚಯಿಸಿದೆ. ಹೊರಡುವ ಹಿಂದಿನ ದಿನವೆಲ್ಲ ಅವಳ ಲಂಗ ಹೊಲಿಯುತ್ತಾ ಅತ್ತಿದ್ದೆ. ದಾರಿಯಲ್ಲಿ ಅವಳೂ ಅಳುತ್ತಾಳೆ, ಹೇಗೆ ಸಮಾಧಾನ ಮಾಡುವುದು ಎಂದೇ ನನ್ನ ಚಿಂತೆ.

ಬಸ್ಸು ಹೊರಟ ಮೇಲೆ ಅವಳು ಕೇಳಿದ್ದು ಒಂದೇ ಮಾತು. “ಅವ್ವಾ, ಅಲ್ಲಿ ನೀರಿಗೆ ನಾ ಕುಂದ್ರೋದಿಲ್ಲಲ್ಲ?”

“ಇಲ್ಲವ್ವ, ಮನಿ ಮುಂದಾ ಐತಿ.”

ಅವಳು ಕಿಟಕಿಯ ಕಡೆ ತಿರುಗಿ ಕೂತಳು. ಕಂಪ್ಲಿಯಲ್ಲಿ ಇಳಿಯುವವರೆಗೂ ಅವಳ ಮುಖದ ಮೇಲಿನ ನಗೆ ಮಾಸಲಿಲ್ಲ. ನನ್ನನ್ನು ಬಿಟ್ಟಿರುವುದು ಅವಳಿಗೆ ಅಷ್ಟು ಹಗುರವಾಗಿತ್ತು.