ಕೌದಿಯ ಹೊಟ್ಟೆಗೆ ಒಂದು ಚೂರು

ಇವತ್ತು ಖಡಕ್ ರೊಟ್ಟಿ ಮುರಿದೆ ನೋಡಿ, ಆ ಸದ್ದಿಗೆ ಡಾಕ್ಟರ ನೆನಪಾಯಿತು. ಈ ಪರದೇಶದ ಜೋಳಕ್ಕೆ ಜಿಗುಟಿಲ್ಲ, ತಟ್ಟುತ್ತಿದ್ದಂತೆ ಅಂಚು ಬಿರಿಯುತ್ತದೆ. ಆದರೂ ನಮ್ಮ ಹೈರಿಡ್ಜ್ ಬಡಾವಣೆಯಲ್ಲಿ ನನ್ನಷ್ಟು ತೆಳ್ಳಗೆ ತಟ್ಟುವವರಿಲ್ಲ. ಇರಲಿ.

ಡಾಕ್ಟರು ಅಮೆರಿಕದವರು, ಯೆಹೂದಿಗಳು. ಮನೆ ಇದೇ ಊರಿನ ರುಂಡಾದಲ್ಲಿ. ನನ್ನ ಮಗನ ಔಷಧಿ ಫ್ಯಾಕ್ಟರಿಗೆ ಆಗಾಗ ಬರುತ್ತಿದ್ದರು. ಯುರೋಪಿನಲ್ಲಿ ಯುದ್ಧಕ್ಕೆ ಮನೆ ಬಿಟ್ಟ ತಮ್ಮ ಜನದ ಮುದುಕ ಮುದುಕಿಯರಿಗೆಂದು ಬೆಚ್ಚನೆಯ ಬಟ್ಟೆ ಕೂಡಿಸುವುದೇ ಅವರ ಹುಚ್ಚು. ಊಟಕ್ಕೆ ಕರೆದರೆ ಕಣ್ಣು ಕಪಾಟಿನ ಮೇಲೆ. ಮಗನ ಸ್ವೆಟರು ಹಾಗೇ ಹೋಯಿತು. ಆಗ ಅವನು ಅದನ್ನು ತೊಟ್ಟುಕೊಂಡಿದ್ದ.

ನಾನು ಹಳೇ ಸೀರೆಗಳನ್ನು ಪದರ ಪದರ ಹಾಕಿ ಒಂದು ಕೌದಿ ಹೊಲಿದೆ. ಸೊಸೆಯ ಜೊತೆ ರುಂಡಾಕ್ಕೆ ಒಯ್ದರೆ ಡಾಕ್ಟರು ಅದರ ಮೂಲೆ ಹಿಸುಕಿ, ಒಳಗೇನು ಎಂದರು. ನಾನು ಸೊಸೆಗೆ ಹೇಳಿದೆ:

"ಚಪಾತಿ ಚೂರು ಅಂತ ಹೇಳವಾ. ಕೌದಿ ಹೊಟ್ಟಿ ಖಾಲಿ ಬಿಟ್ರ ಹೊತ್ಕೊಂಡವರೂ ಉಪವಾಸ ಬೀಳ್ತಾರ."

ಡಾಕ್ಟರು ತಲೆ ಹಿಡಿದುಕೊಂಡರು. ಕೌದಿ ಅಲ್ಲಿ ಮುಟ್ಟುವುದು ಅವರ ಹಬ್ಬದ ವಾರಕ್ಕೆ. ಆ ವಾರ ಮನೆಯಲ್ಲಿ ಚಪಾತಿ, ಬ್ರೆಡ್ಡಿನ ಪುಡಿಯೂ ಇರಕೂಡದಂತೆ.

"ಅತ್ತೆ, ಬಿಚ್ಚಿ ತೆಗೀಬೇಕಂತೆ. ಬಟ್ಟೆ ಒಯ್ಯೋ ವ್ಯಾನ್ ಹೊರಡ್ತಾ ಇದೆ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ."

"ಅಡ್ಜಸ್ಟ್ ನೀ ಮಾಡ್ಕೋ. ಉಪವಾಸದ ಕೌದಿ ನಾ ಕಳಸಂಗಿಲ್ಲ."

"ಅಲ್ಲಿ ಒಬ್ರು ಅಜ್ಜಿ ಚಳೀಲಿ ಕಾಯ್ತಿದ್ದಾರಂತೆ!"

"ಮತ್ತ? ಆಕಿ ಹೊಟ್ಟಿ ಸಲುವಾಗೇ ನಾ ಬಡ್ಕೊಳ್ಳಾಕತ್ತೇನಿ."

ಗೇಟಿನಲ್ಲಿ ಡ್ರೈವರು, "ಮಾಮಾ, ಹರಾಕಾ!" ಎಂದು ಹಾರ್ನ್ ಬಾರಿಸಿದ. ಬೇಗ, ಅಮ್ಮಾ, ಅಂತೆ. ಕೌದಿಯ ಒಂದು ತುದಿ ಡಾಕ್ಟರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಆ ವಾರ ಏನು ತಿಂತಾರಂತ ಕೇಳು. ಗಾಳಿ ತಿಂತಾರೇನು?"

ಡಾಕ್ಟರು ಒಳಗೆ ಹೋಗಿ ಚೌಕಾಕಾರದ, ಹಾಳೆಯಂಥ ಒಂದು ಒಣ ತಿನಿಸು ತಂದರು. ಹಿಟ್ಟು ಹುದುಗದ ಹಾಗೆ ಹಬ್ಬಕ್ಕೆಂದೇ ನೇಮದಿಂದ ಸುಟ್ಟದ್ದು, ಇದೊಂದು ನಡೆಯುತ್ತದಂತೆ. ಮುರಿದೆ. ಕಟ್! ಬಾಯಿಗೆ ಹಾಕಿದೆ. ಉಪ್ಪಿಲ್ಲ, ಏನಿಲ್ಲ.

"ಇದು ನಮ್ಮ ಖಡಕ್ ರೊಟ್ಟಿನ. ಮಾಡಿದಾಕಿಗೆ ಕೈಗುಣ ಇಲ್ಲ, ಅಷ್ಟ."

ಸೊಸೆ ಅದನ್ನು ಇಂಗ್ಲಿಷಿನಲ್ಲಿ ಹೊಗಳಿಕೆ ಮಾಡಿ ಹೇಳಿದಳೆಂದು ಡಾಕ್ಟರ ಮುಖದಲ್ಲೇ ಗೊತ್ತಾಯಿತು. ನಾನು ಮೂಲೆ ಬಿಚ್ಚಿ, ಚಪಾತಿ ತೆಗೆದು, ಆ ಚೂರು ಇಟ್ಟೆ. ದಾರ ಪೋಣಿಸಲು ಡಾಕ್ಟರೇ ಮುಂದೆ ಬಂದರು. ಎಷ್ಟೋ ಜನರ ಹೊಟ್ಟೆ ಹೊಲಿದ ಕೈ, ಸೂಜಿಯ ಕಣ್ಣು ಹುಡುಕುತ್ತ ವ್ಯಾನನ್ನು ಇನ್ನಷ್ಟು ಕಾಯಿಸಿತು.

ಆಮೇಲೆ ಸೊಸೆಯ ಫೋನಿಗೆ ಒಂದು ಫೋಟೋ ಬಂತು. ಗಲ್ಲದವರೆಗೆ ನನ್ನ ಕೌದಿ ಎಳೆದುಕೊಂಡ ಅಜ್ಜಿ. ಚಹಾ ಸಿಗದ ಬೆಳಗಿನಲ್ಲಿ ನನಗಿರುವಂಥದೇ ಸಿಡುಕು ಮುಖ. ಮೂಲೆಯಲ್ಲಿ ಏನೋ ಕರಕರ ಎನ್ನುತ್ತದೆ ಎಂದು ತಕರಾರು ತೆಗೆದಳಂತೆ. ಡಾಕ್ಟರು ಫೋನಿನಲ್ಲಿ ಕಾರಣ ಹೇಳಿದ ಮೇಲೆ, ಬಿಚ್ಚಲು ಯಾರಿಗೂ ಕೊಡಲಿಲ್ಲವಂತೆ.

ಈಗ ಡಾಕ್ಟರು ತಮ್ಮ ದೇಶಕ್ಕೆ ಹೋಗಿದ್ದಾರೆ. ಇವತ್ತು ಮುರಿದ ರೊಟ್ಟಿ ನನ್ನ ತಾಟಿಗಲ್ಲ, ತೊಡೆಯ ಮೇಲಿರುವ ಹೊಸ ಕೌದಿಗೆ. ಚಪಾತಿ ಹಾಕುವುದನ್ನು ಬಿಟ್ಟಿದ್ದೇನೆ, ಮೆತ್ತಗೆ ಸುಮ್ಮನಿರುತ್ತದೆ. ಹೊದ್ದವರು ಮಗ್ಗುಲು ಬದಲಿಸಿದಾಗ ರೊಟ್ಟಿಯ ಸದ್ದು ಕೇಳಿಸಲಿ.